ಸೀತಾಳೆಗೆ ಎಷ್ಟು ತೇವ ಬೇಕು?

ಮುಂಬಯಿಯ ಗಾಳಿಗೆ ತೇವ ಸಾಲದೆಂದು ಯಂತ್ರ ಕೊಂಡವನು ನಾನೊಬ್ಬನೇ ಇರಬೇಕು. ಮಳೆಗಾಲ ಬಂತೆಂದರೆ ಇಲ್ಲಿ ಹಪ್ಪಳ ಡಬ್ಬಿಯೊಳಗೇ ಮೆತ್ತಗಾಗುತ್ತದೆ, ಭರಣಿಯ ಉಪ್ಪು ನೀರೊಡೆಯುತ್ತದೆ. ಪರೇಲಿನ ನಮ್ಮ ಮನೆಗೆ ಆ ಡಬ್ಬ ಹೊತ್ತು ತಂದ ದಿನ ಹೆಂಡತಿ, "ಸಮುದ್ರದ ದಂಡೆಯಲ್ಲಿ ಕೂತು ಉಪ್ಪು ಕೊಂಡು ತಂದ ಹಾಗಾಯ್ತಲ್ರೀ" ಎಂದು ನಕ್ಕಳು.

ಇಷ್ಟಕ್ಕೆಲ್ಲ ಕಾರಣ ಒಂದು ಸೀತಾಳೆ ಗಿಡ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಂಗಳದ ಹಲಸಿನ ಮರದ ಮೇಲೆ ಅದು ತಾನಾಗಿ ಬೆಳೆದಿತ್ತು. ಮಳೆ ಹಿಡಿಯುವ ಹೊತ್ತಿಗೆ ನರಿಬಾಲದ ಹಾಗೆ ಜೋತುಬೀಳುವ ಬಿಳಿ-ನೇರಳೆ ಗೊಂಚಲು. ಅಮ್ಮ ಅದನ್ನು ಹಾಗೇ ದಂಡೆಯಂತೆ ಮುಡಿಯುತ್ತಿದ್ದಳು. ಅಸ್ಸಾಮಿನಲ್ಲೂ ಬಿಹು ಹಬ್ಬಕ್ಕೆ ಹೆಣ್ಣುಮಕ್ಕಳು ಮುಡಿಯುವುದು ಇದನ್ನೇ, ಅಲ್ಲಿಯ ರಾಜ್ಯಪುಷ್ಪವೂ ಇದೇ. ಅಮ್ಮ ಹೋದ ಮರುವರ್ಷ ಗಾಳಿಗೆ ಮರ ಉರುಳಿತು. ಮನೆ ಮಾರುವ ಕಾಗದಕ್ಕೆ ಸಹಿ ಹಾಕಲು ಹೋದವನು, ಬಿದ್ದ ಕೊಂಬೆಯ ಒಂದು ತುಂಡನ್ನು ಗಿಡದ ಸಮೇತ ಕೊಯ್ದು ಒದ್ದೆ ಗೋಣಿಯಲ್ಲಿ ಸುತ್ತಿ ತಂದೆ. ದುಡ್ಡಿನ ಲೆಕ್ಕ ಬಿಟ್ಟರೆ ಊರಿನಿಂದ ನನಗೆ ಉಳಿದದ್ದು ಅಷ್ಟೇ.

ನಮ್ಮದು ಬಾಲ್ಕನಿ ಇಲ್ಲದ ಮನೆ. ಕಿಟಕಿಯಾಚೆ ಹಳೆಯ ಗಿರಣಿಯ ಜಾಗದಲ್ಲಿ ಹೊಸ ಟವರ್ ಏಳುತ್ತಿದೆ. ಸಿಮೆಂಟಿನ ಧೂಳು ಎಲೆಯ ಮೇಲೆ ಪದರ ಕಟ್ಟತೊಡಗಿದಾಗ ಗಿಡವನ್ನು ಮಲಗುವ ಕೋಣೆಗೆ ತಂದೆ. ಅಲ್ಲಿ ರಾತ್ರಿಯಿಡೀ ಎ.ಸಿ. ಸೀತಾಳೆಗೆ ಮಣ್ಣು ಬೇಡ, ಗಾಳಿಯಲ್ಲಿ ಇಳಿಬಿಟ್ಟ ಬೇರಿನಿಂದಲೇ ಮಳೆ-ಮಂಜು ಹೀರಿ ಬದುಕುತ್ತದೆ. ಎರಡು ತಿಂಗಳಲ್ಲಿ ಎಲೆ ಸುಕ್ಕಾಯಿತು, ಬೇರಿನ ಹಸಿರು ತುದಿ ಕಂದಿತು. ತೇವ ಅಳೆಯುವ ಮೀಟರ್ ತಂದಿಟ್ಟು ನೋಡಿದರೆ ಶೇಕಡಾ 45.

"ದೊಡ್ಡದೇ ಒಯ್ಯಿರಿ ಸಾಹೇಬ್" ಎಂದ ಅಂಗಡಿಯವ. ಗಂಟೆಗೆ 400 ಮಿ.ಲೀ. ನೀರನ್ನು ಮಂಜು ಮಾಡುವ ಯಂತ್ರ. ಮೊದಲ ವಾರ ಕೋಣೆ ಆಗುಂಬೆಯಾಯಿತು. ಎರಡನೇ ವಾರ ಕಪಾಟಿನ ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಹಿಡಿಯಿತು. ಮೂರನೇ ವಾರ ಮಗಳಿಗೆ ಬಿಡದ ಕೆಮ್ಮು. ಡಾಕ್ಟರು ಗೋಡೆಯ ಕಥೆ ಕೇಳಿ, "ಮೊದಲು ಆ ಯಂತ್ರ ಬಂದ್ ಮಾಡಿ" ಎಂದರು. ಹೆಂಡತಿ ಏನೂ ಅನ್ನಲಿಲ್ಲ. ಮಗಳ ಹಾಸಿಗೆಯನ್ನು ಹಾಲಿಗೆ ಎಳೆದು ಹಾಸಿದಳು, ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಮ್ಮನ ಗಿಡ ಉಳಿಸಲು ಹೋಗಿ ಅಮ್ಮನ ಮೊಮ್ಮಗಳನ್ನು ಕೆಮ್ಮಿಸುತ್ತಿದ್ದೆನಲ್ಲ!

ದಾರಿ ತೋರಿಸಿದವರು ಕೆಳಗಿನ ಮನೆಯ ಕಾಕಾ. ಎಪ್ಪತ್ತು ದಾಟಿದವರು. ಗಿರಣಿಯಲ್ಲಿ ತೇವದ ಯಂತ್ರ ನೋಡಿಕೊಳ್ಳುತ್ತಿದ್ದವರು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಶುರುವಾದ ಮುಷ್ಕರದಲ್ಲಿ ಹೊರಬಂದ ಸುಮಾರು ಎರಡೂವರೆ ಲಕ್ಷ ಜನರಲ್ಲಿ ಒಬ್ಬರು. ಮತ್ತೆ ಒಳಗೆ ಹೋಗಲಿಲ್ಲ. ಹತ್ತಿಯ ನೂಲು ಒಣಗಿದರೆ ಪಟಪಟನೆ ಕಡಿಯುತ್ತದೆ. ಕಡಲ ಗಾಳಿ ಬೀಸುವ ಈ ಊರಲ್ಲೂ ಮಗ್ಗಗಳ ಜಾಗದಲ್ಲಿ ಶೇಕಡಾ 80ರ ಆಸುಪಾಸು ತೇವ ಇಡಲು ನೀರು ಚಿಮ್ಮಿಸಬೇಕಿತ್ತಂತೆ.

"ಬಾಳಾ, ಕೋಣೆ ಎಷ್ಟು ದೊಡ್ಡದು ಅಂತ ಆಮೇಲೆ ನೋಡು. ನೀರು ಎಲ್ಲಿ ಓಡಿಹೋಗ್ತಿದೆ ಅಂತ ಮೊದಲು ನೋಡು" ಎಂದು ಎ.ಸಿ. ಪೈಪಿನ ಕೆಳಗೆ ಬಕೆಟ್ ಇಡಿಸಿದರು. ಬೆಳಗಾಗುವಷ್ಟರಲ್ಲಿ ಅರ್ಧ ಬಕೆಟ್ ನೀರು! ಒಂದು ಯಂತ್ರ ತುಂಬಿದ್ದನ್ನು ಇನ್ನೊಂದು ಹೊರಗೆ ಚೆಲ್ಲುತ್ತಿತ್ತು. ಎರಡಕ್ಕೂ ಕರೆಂಟು ಬಿಲ್ಲು ನನ್ನದೇ. ಹಗಲು ಎ.ಸಿ. ನಿಂತ ಮೇಲೂ ನನ್ನ ಯಂತ್ರ ಮಂಜು ಉಗುಳುತ್ತಲೇ ಇತ್ತು, ಆ ತೇವವೆಲ್ಲ ಗಾಳಿಯಾಡದ ಗೋಡೆಗೆ.

ಕಾಗದ ತೆಗೆದು ಲೆಕ್ಕ ಹಾಕಿದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಒಂಬತ್ತಡಿ ಎತ್ತರದ ಕೋಣೆ ಎಂದರೆ ಸುಮಾರು 25 ಘನ ಮೀಟರ್. 25 ಡಿಗ್ರಿ ಸೆಖೆಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿದೀತು. ಶೇಕಡಾ 45ರಿಂದ 65ಕ್ಕೆ ಏರಿಸಲು ಇಡೀ ಕೋಣೆಗೆ ಬೇಕಾದದ್ದು 120 ಗ್ರಾಂ ಒಳಗೆ, ಒಂದು ಲೋಟದಷ್ಟೂ ಅಲ್ಲ. ಉಳಿದದ್ದೆಲ್ಲ ಬಕೆಟ್ಟಿಗೆ ಮತ್ತು ಗೋಡೆಗೆ.

"ಕೋಣೆಗ್ಯಾಕೆ ಕೊಡ್ತೀ? ಗಿಡಕ್ಕೆ ಕೊಡು" ಎಂದರು ಕಾಕಾ. ಅಟ್ಟದಲ್ಲಿದ್ದ ಹಳೆಯ ಮೀನಿನ ತೊಟ್ಟಿ ಇಳಿಸಿದೆವು. ಮೂರಡಿ ಉದ್ದ, ಅಗಲ-ಎತ್ತರ ಒಂದೂವರೆ. ಅದರೊಳಗಿನ ಗಾಳಿಗೆ ಅದೇ ಲೆಕ್ಕದಲ್ಲಿ ಬೇಕಾದದ್ದು ಒಂದು ಗ್ರಾಂ ನೀರು! ತಳಕ್ಕೆ ಬೆಣಚುಕಲ್ಲು ಹಾಕಿ, ಕಲ್ಲು ಮುಳುಗದಷ್ಟು ನೀರು ಬಿಟ್ಟು, ಮೇಲಿನ ಗಾಜನ್ನು ಎರಡಿಂಚು ಸರಿಸಿಟ್ಟೆ. ಗಾಳಿಯಾಡದಿದ್ದರೆ ಸೀತಾಳೆಯ ಬೇರು ಕೊಳೆಯುತ್ತದೆಂದು ಹಳೆಯ ಕಂಪ್ಯೂಟರಿನ ಪುಟ್ಟ ಫ್ಯಾನೂ ಬಂತು. ತೊಟ್ಟಿ ಎ.ಸಿ. ಇಲ್ಲದ ಹಾಲಿನ ಕಿಟಕಿಯ ಪಕ್ಕ ಕೂತಿತು. ಮಗಳ ಹಾಸಿಗೆ, ಗೋಡೆ ತೊಳೆದು ಬಣ್ಣ ಬಳಿದ ಮೇಲೆ, ಕೋಣೆಗೆ ಮರಳಿತು. ಯಂತ್ರವನ್ನು ಅರ್ಧ ಬೆಲೆಗೆ ಮಾರಿದೆ.

ಕೆಮ್ಮು ನಿಂತಿದೆ. ಸೀತಾಳೆ ಇನ್ನೂ ಹೂ ಬಿಟ್ಟಿಲ್ಲ. ಕಾಕಾ ಸಂಜೆ ಚಹಾಕ್ಕೆ ಬಂದಾಗ ಕನ್ನಡಕ ಏರಿಸಿ ಮೀಟರ್ ನೋಡುತ್ತಾರೆ, "ಅರವತ್ತೆಂಟು, ನೂಲು ಕಡಿಯೋದಿಲ್ಲ" ಎನ್ನುತ್ತಾರೆ. ಮೊನ್ನೆ ಮಗಳು ಓಡಿ ಬಂದು ಕೈಹಿಡಿದು ಎಳೆದೊಯ್ದಳು. ಹಲಸಿನ ಕೊಂಬೆಯ ಸಿಪ್ಪೆಗೆ ಅಂಟಿಕೊಂಡು ಹೊಸದೊಂದು ಬೇರು ಇಳಿಯುತ್ತಿತ್ತು, ತುದಿ ಹಸಿರಾಗಿ.