ಯಾರೂ ಸವೆಸದ ತಟ್ಟೆಗಳು

ಹಳೆಯ ಗ್ರಾಮಫೋನ್ ತಟ್ಟೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದರೆ ಹಾಡಿನ ನಸೀಬು ಕಾಣುತ್ತದೆ. ಮನೆಮಂದಿಯೆಲ್ಲ ಕೂತು ಮತ್ತೆ ಮತ್ತೆ ಕೇಳಿದ ತಟ್ಟೆ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಯಾರಿಗೂ ಬೇಡವಾದ ತಟ್ಟೆ ಆಗಷ್ಟೇ ಮೈತೊಳೆದ ಎಮ್ಮೆಯಂತೆ ಕರ್ರಗೆ ಮಿಂಚುತ್ತದೆ.

ನಿಮಿಷಕ್ಕೆ 78 ಸುತ್ತಿನ ಆ ತಟ್ಟೆ ಅರಗಿನದು. ಅದಕ್ಕೆ ಕಲ್ಲಿನ ಪುಡಿ, ಕಾಡಿಗೆ ಬೆರೆಸುತ್ತಿದ್ದರು. ಉಕ್ಕಿನ ಪಿನ್ನು ಗೆರೆಯಲ್ಲಿ ಓಡುವಾಗ ತಾನೂ ಸವೆಯುತ್ತಿತ್ತು, ಗೆರೆಯನ್ನೂ ಸವೆಸುತ್ತಿತ್ತು. ಒಂದು ಮಗ್ಗುಲಿಗೆ ಒಂದು ಪಿನ್ನು, ಹಾಡು ಮುಗಿದ ಕೂಡಲೇ ಎಸೆಯಿರಿ ಎಂದು ಕಂಪನಿಯ ಅಪ್ಪಣೆ. ಎಸೆಯುವುದುಂಟೆ? ತಗಡಿನ ಡಬ್ಬಿಯಲ್ಲಿ ಬರುತ್ತಿದ್ದ ಪಿನ್ನುಗಳನ್ನು ನಮ್ಮ ಜನ ಪೂರ್ತಿ ಮೊಂಡಾಗುವ ತನಕ ದುಡಿಸಿದರು. ಹೀಗಾಗಿ ಪ್ರೀತಿ ಹೆಚ್ಚಿದಷ್ಟೂ ಹಾಡು ಕೆಟ್ಟಿತು. ಊರೆಲ್ಲ ಮೆಚ್ಚಿದ ಗವಾಯಿ ಇವತ್ತು ಸರಸರ ಸದ್ದಿನ ಆಚೆ ಎಲ್ಲೋ ಕೇಳಿಸುತ್ತಾನೆ. ಯಾರೂ ಕಿವಿಗೊಡದವನು ಎದುರಿಗೇ ಕೂತು ಹಾಡುತ್ತಾನೆ. ಹೆಸರಿಲ್ಲದವರ ತಟ್ಟೆಗಳ ಹುಚ್ಚು ನನಗೆ ಹತ್ತಿದ್ದು ಕರುಣೆಯಿಂದಲ್ಲ, ಇಷ್ಟು ಸ್ವಚ್ಛವಾಗಿ ಕೇಳಿಸುವವರು ಅವರಷ್ಟೇ ಎಂಬ ಸ್ವಾರ್ಥದಿಂದ.

ಈ ಹುಚ್ಚಿಗೆ ಸೋಲಾಪುರ ಹೇಳಿ ಮಾಡಿಸಿದ ಊರು. ಗಿರಣಿಗಳ ಊರು, ಕೈಮಗ್ಗದ ಊರು, ಚಾದರದ ಊರು. ದುಡಿಯಲು ನಾಲ್ಕೂ ದಿಕ್ಕಿನಿಂದ ಮಂದಿ ಬಂದ ಊರು. ತೆಲಂಗಾಣದ ಪದ್ಮಶಾಲಿ ನೇಕಾರರು, ಕನ್ನಡದ ಲಿಂಗಾಯತ ವ್ಯಾಪಾರಸ್ಥರು, ಮರಾಠಿಯವರು, ಉರ್ದು ಮಾತಾಡುವವರು ಎಲ್ಲರೂ ಒಂದೇ ಪೇಟೆಯ ಓಣಿಗಳಲ್ಲಿ ಇದ್ದವರು. ಹಳೆಯ ವಾಡೆ ಕೆಡವಿದಾಗ ಅಟ್ಟದ ಪೆಟ್ಟಿಗೆ ಭಂಗಾರ, ಅಂದರೆ ಗುಜರಿ, ಅಂಗಡಿಗೆ ಬರುತ್ತದೆ. ಅದರೊಳಗೆ ಮರಾಠಿ ನಾಟ್ಯಪದದ ಕೆಳಗೆ ಕವ್ವಾಲಿ, ಕವ್ವಾಲಿಯ ಕೆಳಗೆ ತೆಲುಗು ಹರಿಕಥೆ, ತಳದಲ್ಲಿ ಎರಡು ತುಂಡಾದ ಕನ್ನಡ ದೇವರನಾಮ. ಅಕ್ಕಲಕೋಟ, ದಕ್ಷಿಣ ಸೋಲಾಪುರಗಳು ಕರ್ನಾಟಕಕ್ಕೆ ಸೇರಬೇಕೆಂದು ಗಡಿವಿವಾದದ ಮಹಾಜನ ಆಯೋಗದ ವರದಿ 1967ರಲ್ಲೇ ಹೇಳಿತು. ವರದಿ ಕಪಾಟಿನಲ್ಲಿ ಉಳಿಯಿತು. ಈ ಪೆಟ್ಟಿಗೆಗಳನ್ನು ಆಯೋಗದ ಮುಂದೆ ತೆರೆದಿಟ್ಟಿದ್ದರೆ ಎಲ್ಲಿ ಗೆರೆ ಎಳೆಯುವುದೆಂದು ಅವರಿಗೆ ಇನ್ನೂ ಗೋಜಲಾಗುತ್ತಿತ್ತು.

ತಟ್ಟೆಯ ಹಾಡು ಮೂರು ನಿಮಿಷದ ಸಂಸಾರ. ಅಷ್ಟರಲ್ಲೇ ಆಲಾಪ, ತಾನ, ಮುಕ್ತಾಯ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು. ಜಂಬಕ್ಕಲ್ಲ. ತಟ್ಟೆ ಅಚ್ಚಾಗುತ್ತಿದ್ದದ್ದು ದೂರದ ಜರ್ಮನಿಯ ಹಾನೋವರಿನಲ್ಲಿ. ಹಾಡಿದ್ದು ಯಾರೆಂದು ಅಲ್ಲಿಯ ಕೆಲಸದವರಿಗೆ ತಿಳಿದು ಸರಿಯಾದ ಚೀಟಿ ಹಚ್ಚಬೇಕಲ್ಲ. ಆ ಕಾಲದ ಎಷ್ಟೋ ಹಾಡುವ ಬಾಯಿಯರ ಬಗ್ಗೆ ನಮಗೆ ಉಳಿದಿರುವ ಮಾಹಿತಿ ಆ ಒಂದು ಕೂಗು ಮಾತ್ರ. ಹುಟ್ಟಿದ್ದೆಲ್ಲಿ, ಕಲಿತದ್ದು ಯಾರ ಹತ್ತಿರ, ಎಲ್ಲಿ ಮಣ್ಣಾದರು, ಯಾವುದೂ ಇಲ್ಲ.

ಚೀಟಿಯನ್ನು ಪೂರ್ತಿ ನಂಬುವಂತೆಯೂ ಇಲ್ಲ. ಗಂಗೂಬಾಯಿ ಹಾನಗಲ್ಲರ ಆರಂಭದ ತಟ್ಟೆಗಳು 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಲ್ಲಿ ಬಂದವು. ಆಗಿನ್ನೂ ಅವರ ದನಿ ತೆಳ್ಳಗಿತ್ತು. ಮುಂದೆ ನಾವು ಕೇಳಿದ ಆ ಗಂಡುದನಿಯಲ್ಲ. ನಾಗಪುರದ ವಕೀಲ ಜಿ. ಎನ್. ಜೋಶಿಯವರ ಜೊತೆ ಅವರು ಮರಾಠಿ ಭಾವಗೀತವನ್ನೂ ಹಾಡಿದ್ದಾರೆ. ಈ ಜೋಶಿ ನನಗೆ ಇಷ್ಟದ ಮನುಷ್ಯ. ಮೊದಲು ತಾವೇ ಹಾಡಿ ಹೆಸರು ಮಾಡಿದರು, ಆಮೇಲೆ ಎಚ್‌ಎಂವಿಯ ನೌಕರಿಗೆ ಸೇರಿ ಬೇರೆಯವರ ದನಿ ಹಿಡಿಯುವುದರಲ್ಲೇ ಆಯುಷ್ಯ ಕಳೆದರು. ದೊಡ್ಡ ದೊಡ್ಡ ಉಸ್ತಾದರನ್ನು ಪುಸಲಾಯಿಸಿ ಮೈಕಿನ ಮುಂದೆ ಕೂರಿಸಿದ ಪುಣ್ಯ ಅವರದು. ಅವರದೇ ತಟ್ಟೆಗಳು ಮಾತ್ರ ಭಂಗಾರದಲ್ಲಿ ಮಿಂಚುತ್ತ ಬಿದ್ದಿರುತ್ತವೆ. ಮಿಂಚುತ್ತವೆ ಅಂದರೆ ಏನರ್ಥ ಎಂದು ಆಗಲೇ ಹೇಳಿದೆ.

ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ತಂಗಿಯ ಮಗನದೂ ಇದೇ ರೋಗ, ಊರು ಬೇರೆ. ಅವನಿಗೆ ಬೇಕಾದದ್ದು 1970ರ ಆಸುಪಾಸಿನ ವಿನೈಲ್. ಗಿಟಾರ್ ಹಿಡಿದು ತಾವೇ ಬರೆದು, ತಾವೇ ಮೆಲುದನಿಯಲ್ಲಿ ಹಾಡಿ, ಯಾರೂ ಕೊಳ್ಳದೆ ಮೂಲೆ ಸೇರಿದವರದು. ಇಂಗ್ಲೆಂಡಿನ ವಷ್ಟಿ ಬುನ್ಯಾನ್ ಎಂಬಾಕೆಯ ತಟ್ಟೆ 1970ರಲ್ಲಿ ಬಂದು ಮಾರಾಟವಾಗದೆ, ಆಕೆ ಹಾಡುವುದನ್ನೇ ಬಿಟ್ಟಳಂತೆ. 2000ದಲ್ಲಿ ಅದು ಮತ್ತೆ ಅಚ್ಚಾದಾಗ ಜನ ಮುಗಿಬಿದ್ದರು. ಡೆಟ್ರಾಯಿಟಿನ ರೋಡ್ರಿಗೆಸ್ ಅಮೆರಿಕದಲ್ಲಿ ಹಳೆ ಮನೆ ಕೆಡಹುವ ಕೆಲಸ ಮಾಡಿಕೊಂಡಿದ್ದಾಗ ಅವನ ಹಾಡು ದಕ್ಷಿಣ ಆಫ್ರಿಕದಲ್ಲಿ ಮನೆಮನೆಯಲ್ಲಿ ತಿರುಗುತ್ತಿತ್ತು, ಅವನಿಗೇ ಗೊತ್ತಿಲ್ಲ. "ಮಾಮಾ, ನಿಮ್ಮ ಕಡೆ ಇಂಥಾವ್ರು ಯಾರೂ ಇಲ್ಲೇನು?" ಎಂದು ಕೇಳಿದ.

ಇಲ್ಲದೆ ಏನು? ಪದ ಕಟ್ಟಿದವನೇ ಹಾಡಬೇಕು ಎಂಬುದು ನಮ್ಮ ಸೀಮೆಯಲ್ಲಿ ಗಿಟಾರಿಗಿಂತ ಹಳೆಯ ಮಾತು. ಲಾವಣಿಯ ರಾಮಜೋಶಿ ಸೋಲಾಪುರದವನು. ತಟ್ಟೆಗಿಂತ ಮೊದಲೇ ತೀರಿಹೋದ, ವಿ. ಶಾಂತಾರಾಮರು 1947ರಲ್ಲಿ ಸಿನಿಮಾ ತೆಗೆದು ಅವನನ್ನು ಎಬ್ಬಿಸಿದರು. ಬಾರ್ಶಿಯಲ್ಲಿ ಹುಟ್ಟಿದ ಶಾಹೀರ ಅಮರ ಶೇಖ್ ಕೆಂಬಾವುಟದಡಿ ಡಫಿನ ಸದ್ದಿಗೆ ತಾನೇ ಬರೆದದ್ದನ್ನು ಹಾಡಿದ. ಮೆಲುದನಿಯ ಲೆಕ್ಕಕ್ಕೆ ಅವನು ಬರುವುದಿಲ್ಲ, ಅವನ ಕೂಗಿಗೆ ಮೈಕು ಬೇಕಾಗುತ್ತಿರಲಿಲ್ಲ. ಗಡಿ ದಾಟಿದರೆ ಇಂಡಿ ಕಡೆಯ ಹಲಸಂಗಿ. ಅಲ್ಲಿಯ ಲಾವಣಿಕಾರ ಖಾಜಾಭಾಯಿ.

ಮತ್ತೆ ಬೇಂದ್ರೆ ಇದ್ದಾರೆ. 1944ರಿಂದ 1956ರವರೆಗೆ ಸೋಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಮನೆಮಾತು ಮರಾಠಿ, ಕಾವ್ಯ ಕನ್ನಡ. ಊರಿಗೆ ಇದಕ್ಕಿಂತ ಹೊಂದುವ ಮೇಷ್ಟ್ರು ಎಲ್ಲಿ ಸಿಕ್ಕಾರು? ಅವರು ತಮ್ಮ ಕವಿತೆ ಓದುವವರಲ್ಲ, ಕೈ ಆಡಿಸುತ್ತ ಹಾಡುವವರು, ನಡುವೆ ನಿಂತು ವಿವರಿಸುವವರು, ವಿವರಣೆ ಇನ್ನೊಂದು ಪದವಾಗುವ ತನಕ ಬಿಡದವರು. ಮೂರು ನಿಮಿಷದ ತಟ್ಟೆಯಲ್ಲಿ ಈ ಮನುಷ್ಯನನ್ನು ಯಾವ ಕಂಪನಿ ಹಿಡಿದೀತು? ಸೋಲಾಪುರದ ಯಾವ ಪೆಟ್ಟಿಗೆಯಲ್ಲೂ ನನಗೆ ಬೇಂದ್ರೆ ಸಿಕ್ಕಿಲ್ಲ. ಪಿ. ಕಾಳಿಂಗರಾಯರ ತಟ್ಟೆಗಳು ಸಿಗುತ್ತವೆ, ಎಲ್ಲವೂ ಬೂದಿಬಣ್ಣದವು.

ಅಳಿಯನಿಗೆ ನಾನು ಹೇಳಿದ್ದು ಇನ್ನೊಂದು ಸಂಗತಿ. ಅವನ ಬಗೆಯ ಮೆಲುದನಿಯ ಹಾಡು ಕನ್ನಡದಲ್ಲಿ ಮನೆಮಾತಾಗುವ ಹೊತ್ತಿಗೆ ತಟ್ಟೆಯ ಕಾಲ ಮುಗಿಯುತ್ತ ಬಂದಿತ್ತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ದನಿಗೂಡಿಸಿದ 'ನಿತ್ಯೋತ್ಸವ' 1978ರಲ್ಲಿ ಬಂದದ್ದು ಕ್ಯಾಸೆಟ್ಟಾಗಿ. ಅದರ ಬೆನ್ನಿಗೆ ನೂರೆಂಟು ಚಿಕ್ಕ ಗಾಯಕರು ಅದೇ ಟೇಪಿಗೆ ಹಾಡಿದರು. ಕ್ಯಾಸೆಟ್ಟಿಗೆ ತಟ್ಟೆಯ ನ್ಯಾಯವಿಲ್ಲ. ಕೇಳಿದರೂ ಹಾಳು, ಕೇಳದೆ ಇಟ್ಟರೂ ಬೂಷ್ಟು ಹಿಡಿದು ಹಾಳು. ಹೆಸರಿಲ್ಲದವರಿಗೆ ತಟ್ಟೆ ಕೊಟ್ಟಿದ್ದ ಒಂದೇ ಒಂದು ಸವಲತ್ತನ್ನು ಟೇಪು ಕಸಿದುಕೊಂಡಿತು. ಎಂಬತ್ತರ ದಶಕದ ಭಾವಗೀತೆಗಾರರು ಹೋದ ಶತಮಾನದ ಮೊದಲ ಹಾಡುಗಾರ್ತಿಯರಿಗಿಂತ ಬೇಗ ಅಳಿಯುತ್ತಿದ್ದಾರೆ ಎಂದರೆ ಅವನು ನಂಬಲಿಲ್ಲ.

ಅಕ್ಕಲಕೋಟಕ್ಕೆ ಹೋಗುವುದು ಬೇರೆ ಬಗೆಯ ಬೇಟೆ. ಸೋಲಾಪುರದಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಬಸ್ಸಿನ ತುಂಬ ಸ್ವಾಮಿ ಸಮರ್ಥರ ಭಕ್ತರು. ವಟವೃಕ್ಷ ಮಂದಿರದ ಸುತ್ತಿನ ಅಂಗಡಿಗಳಲ್ಲಿ ಸ್ವಾಮಿ ಮಹಾರಾಜರ ಜಪ ಬೆಳಗಿನಿಂದ ಒಂದೇ ಸಮನೆ ಸ್ಪೀಕರಿನಲ್ಲಿ. ಆ ಗದ್ದಲ ದಾಟಿ ಹಳೆಯ ಓಣಿಗಳಿಗೆ ಹೊಕ್ಕರೆ ಕಿವಿಗೆ ಬೀಳುವುದು ಕನ್ನಡ. ಸಂಸ್ಥಾನದ ಕಾಲದ ಊರು, ಕೆಲವು ಮನೆಗಳಲ್ಲಿ ಕೀಲಿ ತಿರುಗಿಸುವ ಗ್ರಾಮಫೋನು ಇನ್ನೂ ಇದೆ. ಕರೆಂಟಿಲ್ಲದ ಊರುಗಳಲ್ಲಿ ಆ ಕೀಲಿ ಪೆಟ್ಟಿಗೆಯೇ ಗತಿ ಎಂಬ ಕಾರಣಕ್ಕೆ ನಮ್ಮ ದೇಶದಲ್ಲಿ 78ರ ತಟ್ಟೆ ಬಹಳ ದಿನ ಬದುಕಿತು. ಬೀಟಲ್ಸ್ ಹುಡುಗರ ಹಾಡು ಕೂಡ 1960ರ ದಶಕದ ನಡುವಿನವರೆಗೆ ಇಲ್ಲಿ 78ರಲ್ಲೇ ಅಚ್ಚಾಯಿತು. ಈಗ ವಿದೇಶದ ಸಂಗ್ರಾಹಕರು ಅದಕ್ಕಾಗಿ ಜೊಲ್ಲು ಸುರಿಸುತ್ತಾರೆ. ಅಕ್ಕಲಕೋಟದಲ್ಲಿ ಬೀಟಲ್ಸ್ ಸಿಗುವುದಿಲ್ಲ, ಆಸೆಪಟ್ಟು ಯಾರೂ ಬಸ್ಸು ಹತ್ತಬೇಡಿ.

ಅಲ್ಲೊಬ್ಬ ಜುನೀ ಸಾಮಾನಿನ ವ್ಯಾಪಾರಿ. ಮೊದಮೊದಲು ಸಿನಿಮಾ ತಟ್ಟೆಗಳನ್ನು ಒಂದು ಕಡೆ ಒಟ್ಟಿ ಭಾರೀ ರೇಟು ಹೇಳುತ್ತಿದ್ದ. ಹೆಸರು ಗೊತ್ತಿಲ್ಲದವರ ರಾಶಿ ಬಾಗಿಲ ಬಳಿ. "ಇವನ್ನ ಯಾರೂ ಒಯ್ಯಂಗಿಲ್ರಿ ಮಾಸ್ತರ, ಪುಕ್ಕಟ ತೊಗೊಂಡ ಹೋಗ್ರಿ" ಎನ್ನುತ್ತಿದ್ದ. ನಾನು ಒಂದೊಂದನ್ನೇ ಬಿಸಿಲಿಗೆ ಹಿಡಿದು, ಮಿಂಚುವುದನ್ನು ಆರಿಸಿ, ಬೂದಿಬಣ್ಣದ್ದನ್ನು ಬದಿಗಿಡುವುದನ್ನು ಅವನು ಚಹಾ ಕುಡಿಯುತ್ತ ನೋಡುತ್ತಿದ್ದ. ಹೋದ ಸಲ ನೋಡಿದರೆ ಬಾಗಿಲ ಬಳಿಯ ರಾಶಿ ಒಳಗಿನ ಗಾಜಿನ ಕಪಾಟಿಗೆ ಏರಿತ್ತು. ಒಂದು ತಟ್ಟೆ ತೆಗೆದು, ಅರಿವೆಯಿಂದ ಒರೆಸಿ, ನಾನು ಹಿಡಿಯುವ ಹಾಗೆಯೇ ಓರೆಯಾಗಿ ಬೆಳಕಿಗೆ ಹಿಡಿದು ರೇಟು ಹೇಳಿದ. ಸಿನಿಮಾ ತಟ್ಟೆಯ ಎರಡರಷ್ಟು.

"ಏನೋ ತಮ್ಮಾ, ಇದು ಯಾರ ಹಾಡಂತ ನಿನಗರ ಗೊತ್ತದ ಏನು?" ಎಂದೆ.

"ಗೊತ್ತಿಲ್ರಿ ಮಾಸ್ತರ. ಯಾರಿಗೂ ಗೊತ್ತಿಲ್ಲ. ಅದಕ್ಕ ಇಷ್ಟ ರೇಟು."

ಚೌಕಾಸಿ ಮಾಡಿದೆ. ಹತ್ತು ರೂಪಾಯಿ ಬಿಟ್ಟ.