ಜಿಗಣಿಯ ಕಲ್ಲು, ಅಂಗೈಯಷ್ಟು ಎಂಜಿನ್

ಬನ್ನೇರುಘಟ್ಟಕ್ಕೆ ಹುಲಿ, ಸಿಂಹ ನೋಡಲು ಹೋದವರಲ್ಲಿ ಬಹುಮಂದಿ ಅಲ್ಲಿಂದಲೇ ಹಿಂದಿರುಗುತ್ತಾರೆ. ಆನೇಕಲ್ ಕಡೆಗೆ ಇನ್ನೂ ಸ್ವಲ್ಪ ಮುಂದೆ ಹೋದರೆ ಸಿಗುವುದು ಜಿಗಣಿ. ಇಲ್ಲಿಯದು ಬೇರೆಯೇ ಗರ್ಜನೆ. ಒಂದು ಕಡೆ ಗ್ರಾನೈಟ್ ದಿಮ್ಮಿಗಳನ್ನು ಸೀಳುವ ಗರಗಸಗಳು, ಇನ್ನೊಂದು ಕಡೆ ಲೋಹ ಕಡೆಯುವ ಲೇತ್‌ಗಳು.

ಇಂಥ ಯಂತ್ರಗಳ ಮುಂದೆ ದಿನವಿಡೀ ನಿಲ್ಲುವ ತಂದೆಗೆ, ತಾನು ಕಡೆದ ಬಿಡಿಭಾಗ ಕೊನೆಗೆ ಎಲ್ಲಿ ತಿರುಗುತ್ತದೆಂದು ನೋಡುವ ಅವಕಾಶ ಅಪರೂಪ. ಮಗಳು ಪಿಸ್ಟನ್, ಸಿಲಿಂಡರ್‌ಗಳ ಚಿತ್ರ ಬರೆದು ಅಂಕ ಗಳಿಸುತ್ತಾಳೆ, ಪಿಸ್ಟನ್ ಮುಟ್ಟಿರುವುದಿಲ್ಲ. ಒಂದೇ ಮನೆಯಲ್ಲಿದ್ದೂ ಇಬ್ಬರ ವಿದ್ಯೆಗೆ ಭೇಟಿಯಿಲ್ಲ. ಅಂಗೈಯಷ್ಟು ದೊಡ್ಡ ಮಾದರಿ ಎಂಜಿನ್ ಈ ಭೇಟಿ ಮಾಡಿಸಬಲ್ಲದು.

ಇದಕ್ಕೆ ಕಾರ್ಖಾನೆ ಬೇಡ. ವೈಸ್, ಹ್ಯಾಕ್ಸಾ, ಅರ, ಸ್ಟ್ಯಾಂಡಿನಲ್ಲಿ ಕೂರಿಸಿದ ಡ್ರಿಲ್ ಇದ್ದರೆ ‘ವಾಲಾಡುವ ಸಿಲಿಂಡರ್’ ಎಂಜಿನ್ ಮಾಡಬಹುದು. ಪಿಸ್ಟನ್ನಿನ ಸರಳು ನೇರವಾಗಿ ಕ್ರ್ಯಾಂಕಿಗೆ ಜೋಡಣೆ. ಅದು ತಿರುಗಿದಂತೆ ಸಿಲಿಂಡರೇ ಅತ್ತಿತ್ತ ವಾಲುತ್ತದೆ. ಸಿಲಿಂಡರಿನ ಮೈಯಲ್ಲಿ ಒಂದು ರಂಧ್ರ, ಅದು ಒತ್ತಿ ನಿಂತ ಫಲಕದಲ್ಲಿ ಎರಡು. ಒಂದು ಕಡೆ ವಾಲಿದಾಗ ಗಾಳಿ ಒಳಗೆ, ಇನ್ನೊಂದು ಕಡೆ ವಾಲಿದಾಗ ಹೊರಗೆ. ಬೇರೆ ಕವಾಟವೇ ಬೇಕಿಲ್ಲ.

ಹಿತ್ತಾಳೆ ತುಂಡಿಗೆ ರಂಧ್ರ ಕೊರೆದು, ರೀಮರ್ ಆಡಿಸಿ 10 ಮಿ.ಮೀ.ಗೆ ತರಬೇಕು. ಅದೇ ಅಳತೆಯ ನುಣುಪು ಉಕ್ಕಿನ ಸರಳಿನ ತುಂಡೇ ಪಿಸ್ಟನ್. ಕ್ರ್ಯಾಂಕಿನ ಪಿನ್ ಕೇಂದ್ರದಿಂದ 8 ಮಿ.ಮೀ. ದೂರದಲ್ಲಿದ್ದರೆ ಪಿಸ್ಟನ್ನಿನ ಓಟ 16 ಮಿ.ಮೀ. ಆಗ ಎಂಜಿನ್ ಎಷ್ಟು ‘ಸಿಸಿ’? ಮಗಳು ಲೆಕ್ಕ ಹಾಕಲಿ: ಸುಮಾರು 1.26. ಫ್ಲೈವೀಲ್ ಒಂದನ್ನು ಮಾತ್ರ ಪಕ್ಕದ ಬೀದಿಯ ಲೇತ್ ಅಂಗಡಿಯಲ್ಲಿ ಕಡೆಸಿದರೆ ಸರಿ.

ಸಿಲಿಂಡರೂ ಫಲಕವೂ ಸಪಾಟಾಗಿ ಕೂಡದಿದ್ದರೆ ಗಾಳಿ ಸೋರಿ ಎಂಜಿನ್ ಮಿಸುಕದು. ಇಲ್ಲಿ ಜಿಗಣಿಯ ಕಲ್ಲೇ ನೆರವಿಗೆ ಬರುತ್ತದೆ. ಹೊಳಪು ಕೊಟ್ಟ ಗ್ರಾನೈಟ್ ತುಂಡಿನ ಮೇಲೆ ನುಣುಪು ಎಮರಿ ಕಾಗದ ಹಾಸಿ, ನೀರು ಚಿಮುಕಿಸಿ, 8ರ ಆಕಾರದಲ್ಲಿ ಉಜ್ಜಬೇಕು. ಕಾರ್ಖಾನೆಗಳ ಅಳತೆ ಕೋಣೆಗಳಲ್ಲೂ ಸಮತಟ್ಟಿಗೆ ಗ್ರಾನೈಟ್ ಪೀಠಗಳಿರುತ್ತವೆ. ಕಲ್ಲಿಗೆ ತುಕ್ಕಿಲ್ಲ, ಶಾಖಕ್ಕೆ ಉಕ್ಕಿನಷ್ಟು ಹಿಗ್ಗುವುದೂ ಇಲ್ಲ.

ನಡೆಸಲು ಸೈಕಲ್ ಪಂಪಿನ ಗಾಳಿ ಸಾಕು. ಮುಚ್ಚಿದ ಪಾತ್ರೆಯಲ್ಲಿ ನೀರು ಕುದಿಸಿ ಉಗಿ ಮಾಡುವ ಸಾಹಸ ಖಂಡಿತ ಬೇಡ, ಜೀವಕ್ಕೇ ಅಪಾಯ. ಡ್ರಿಲ್ ಹಿಡಿಯುವಾಗ ಹಿರಿಯರು ಜೊತೆಗಿರಬೇಕು. ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕು. ಬಿಚ್ಚುಗೂದಲು, ಇಳಿಬಿಟ್ಟ ದುಪಟ್ಟಾ ಕೂಡದು.

ಮೊದಲ ಸಲ ಎಂಜಿನ್ ಓಡದಿರಬಹುದು. ಬೇಸರ ಬೇಡ. 1763ರ ಚಳಿಗಾಲದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಪುಟ್ಟ ನ್ಯೂಕಾಮನ್ ಎಂಜಿನ್ ಮಾದರಿ ಜೇಮ್ಸ್ ವಾಟ್‌ನ ಕೈಗೆ ರಿಪೇರಿಗೆ ಬಂತು. ಕೆಲವೇ ಸಲ ಮೇಲೆ ಕೆಳಗೆ ಆಡಿ ಅದು ನಿಲ್ಲುತ್ತಿತ್ತು. ಅಳತೆ ಹತ್ತನೇ ಒಂದಕ್ಕೆ ಇಳಿದರೆ ಮೇಲ್ಮೈ ನೂರನೇ ಒಂದಾಗುತ್ತದೆ, ಗಾತ್ರವೋ ಸಾವಿರದ ಒಂದು. ಹಾಗಾಗಿ ಪುಟ್ಟ ಸಿಲಿಂಡರ್ ಬಲುಬೇಗ ತಣಿದು ಉಗಿ ವ್ಯರ್ಥವಾಗುತ್ತಿತ್ತು. ಈ ನಷ್ಟದ ಬೆನ್ನುಹತ್ತಿದ ವಾಟ್‌ಗೆ 1765ರಲ್ಲಿ ಪ್ರತ್ಯೇಕ ಕಂಡೆನ್ಸರಿನ ಉಪಾಯ ಹೊಳೆಯಿತು.

ಜಿಗಣಿಯ ಮನೆಯಲ್ಲೂ ಓಡದ ಎಂಜಿನ್ ಅಂಥದೇ ಪಾಠ. ಎಲ್ಲಿ ಬಿಗಿಯಾಗಿದೆ ಎಂದು ತಂದೆಯ ಬೆರಳು ಹೇಳುತ್ತದೆ. ಏಕೆ ಎಂದು ಮಗಳ ಪುಸ್ತಕ ಹೇಳುತ್ತದೆ. ಒಂದು ಹನಿ ಎಣ್ಣೆ ಬಿಟ್ಟು, ಫ್ಲೈವೀಲನ್ನು ಇನ್ನೊಮ್ಮೆ ತಿರುಗಿಸಿ ನೋಡಲಿ.