ಕೂಸಿಗೆ ಮುಂಚೆ ಕುಲಾವಿ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ ಎಂಬ ಗಾದೆಯನ್ನು ನಾವು ಬಹುಕಾಲ ಪರರಿಗೇ ಹೇಳುತ್ತ ಬಂದವರು. ಅದು ನಮ್ಮ ಮನೆಗೇ ಒಪ್ಪಿದ್ದು 2023ರ ಆಷಾಢದಲ್ಲಿ.

ಸೆಟ್ಟೂರು ಸೀಮೆಯವರಾದ ನಮಗೆ ದೊಡ್ಡ ಖರೀದಿಯೆಂದರೆ ಕಲ್ಯಾಣದುರ್ಗ. ಆ ವರ್ಷ ಜೂನ್ ಕೊನೆಯಲ್ಲಿ ಶೇಂಗಾ ಬೀಜಕ್ಕೆಂದು ದಂಪತಿಗಳಿಬ್ಬರೂ ಹೋದೆವು. ಹೊಲದಲ್ಲಿ ಇನ್ನೂ ಬಿತ್ತನೆಯಾಗಿರಲಿಲ್ಲ. ಅಂಗಡಿ ಬೀದಿಯಲ್ಲಿ ಮಾತ್ರ ಶ್ರಾವಣ ಬಂದಿಳಿದಿತ್ತು. ವರಮಹಾಲಕ್ಷ್ಮಿಯ ಮುಖವಾಡಗಳು, ಕಲಶದ ಚೆಂಬುಗಳು, ಕೃತಕ ಹೂವಿನ ತೋರಣಗಳು ಸಾಲಾಗಿ ತೂಗುತ್ತಿದ್ದವು. ಬಟ್ಟೆಯಂಗಡಿಗಳ ಮುಂದೆ ಆಷಾಢದ ರಿಯಾಯಿತಿಯನ್ನು ಸಾರುವ ತೆಲುಗು ಫಲಕಗಳಿದ್ದವು.

ನಮ್ಮ ಹಿರಿಯರಿಗೆ ಆಷಾಢವೆಂದರೆ ಶುಭಕಾರ್ಯಗಳಿಲ್ಲದ ಮಾಸ. ಹೊಸ ಸೊಸೆ ತವರಿಗೆ ಹೋಗುತ್ತಿದ್ದಳು. ಮದುವೆ, ಗೃಹಪ್ರವೇಶಗಳಿಲ್ಲದೆ ವರ್ತಕರು ಗಲ್ಲಾಪೆಟ್ಟಿಗೆಯ ಮುಂದೆ ಆಕಳಿಸುತ್ತಿದ್ದರು. ಇಂದು ಗಡಿಯ ಎರಡೂ ಬದಿಗಳಲ್ಲಿ ಅದೇ ತಿಂಗಳು ರಿಯಾಯಿತಿಯ ಜಾತ್ರೆಯಾಗಿದೆ. ಇದು ನಮ್ಮ ಸೀಮೆಯೊಂದರ ಕಥೆಯೂ ಅಲ್ಲ. ಡಿಸೆಂಬರಿನ ಕ್ರಿಸ್‌ಮಸ್ಸಿಗೆ ಅಕ್ಟೋಬರಿನಲ್ಲೇ ಅಂಗಡಿ ಸಿಂಗರಿಸುವುದು ಅಮೆರಿಕದಲ್ಲಿ ವಾಡಿಕೆಯೇ ಆಗಿದೆ.

ಅಂದು ನಾವು ಎರಡು ಸೀರೆ, ಮಕ್ಕಳಿಗೆ ಬಟ್ಟೆ, ಬೆಳ್ಳಿಯ ಬಣ್ಣದ ಒಂದು ಮುಖವಾಡ ಕೊಂಡೆವು. ಬೀಜಕ್ಕೆಂದು ಒಯ್ದಿದ್ದ ಹಣದಲ್ಲಿ ಒಂದು ಪಾಲು ಅಲ್ಲಿಯೇ ಕರಗಿತು. ಬೇಡವೆನ್ನಬಹುದಿತ್ತು, ಅನ್ನಲಿಲ್ಲ. ಅಗ್ಗವೆಂಬ ಮಾತು ನಮ್ಮ ಬಾಯಿಯನ್ನೂ ಕಟ್ಟಿತ್ತು. ಕಡಿಮೆ ಬಿದ್ದ ಹಣಕ್ಕೆ ಕೈಸಾಲ ಮಾಡಿ ಬೀಜ ತಂದೆವು.

ಗೋಡೆಯ ಮೇಲಿನ ಪಂಚಾಂಗವನ್ನು ನಿಧಾನವಾಗಿ ನೋಡಿದ್ದು ಮನೆಗೆ ಬಂದ ಮೇಲೆ. ಜುಲೈ 17ರ ಅಮಾವಾಸ್ಯೆಗೆ ಆಷಾಢ ಮುಗಿದರೂ ಮರುದಿನ ಬರುವುದು ಅಧಿಕ ಶ್ರಾವಣ. ಚಾಂದ್ರಮಾನದ ವರ್ಷ ಸೌರಮಾನದ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆ ಕೊರತೆ ಕೂಡಿಕೊಂಡು 32-33 ತಿಂಗಳಿಗೊಮ್ಮೆ ಒಂದು ಮಾಸ ಹೆಚ್ಚಾಗಿ ಬರುತ್ತದೆ. ಆ ಮಾಸದಲ್ಲಿ ಹಬ್ಬಗಳನ್ನು ಆಚರಿಸುವುದಿಲ್ಲ. ಹೀಗಾಗಿ ವರಮಹಾಲಕ್ಷ್ಮಿ ವ್ರತ ಬಂದದ್ದು ಆಗಸ್ಟ್ 25ಕ್ಕೆ. ಎರಡು ತಿಂಗಳು ಸೀರೆಗಳು ಪೆಟ್ಟಿಗೆಯಲ್ಲಿದ್ದವು. ಸಾಲ ಮಾತ್ರ ಹೊರಗಿತ್ತು.

ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯನ್ನಷ್ಟೇ ನೆಚ್ಚಿಕೊಂಡ ಅನಂತಪುರ ಜಿಲ್ಲೆ ನಮ್ಮದು. ಆ ಬಾರಿಯ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಎಂದು ಹವಾಮಾನ ಇಲಾಖೆ ಮುಂದೆ ಪ್ರಕಟಿಸಿತು. ಇಲಾಖೆ ಹೇಳುವ ಮೊದಲೇ ನಮ್ಮ ಶೇಂಗಾ ಗಿಡಗಳು ಹೇಳಿದ್ದವು. ವ್ರತದ ದಿನ ಹೊಸ ಸೀರೆಯುಟ್ಟು ಮಂಗಳಾರತಿ ಮುಗಿಸಿದ ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಮುಗಿಲನ್ನೇ ನೋಡುತ್ತ, “ಹಳೇ ಸೀರೇಲೇ ಪೂಜೆ ಮಾಡಿದ್ರೆ ಅಮ್ಮನವರು ಬೇಡ ಅಂತಿರ್ಲಿಲ್ಲ, ಅಲ್ವೇನ್ರೀ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಹಾಗೆಂದು ವರ್ತಕರನ್ನೇ ದೂರುವುದು ನ್ಯಾಯವಲ್ಲ. ನಮ್ಮೂರಿನ ಚಿಕ್ಕ ಅಂಗಡಿಯವರನ್ನು ಒಮ್ಮೆ ಈ ಕುರಿತು ಕೇಳಿದೆವು. “ಏನ್ ಮಾಡ್ಲಿ ಸಾರ್? ನಾನು ತಡ ಮಾಡಿದ್ರೆ ಜನ ಕಲ್ಯಾಣದುರ್ಗದಿಂದ ತಂದ್ಬಿಡ್ತಾರೆ. ಹಬ್ಬ ದಾಟಿದ ಮೇಲೆ ಇದನ್ನ ಯಾರು ಕೇಳ್ತಾರೆ? ವರ್ಷವೆಲ್ಲಾ ನನ್ ಬಂಡವಾಳ ಅಟ್ಟದ ಮೇಲೆ ಮಲಗ್ತದೆ” ಎಂದರು. ಅವರ ಭಯವೂ ನಮ್ಮ ಭಯದಂಥದೇ. ನಮಗೆ ಮಳೆ ಹೇಗೋ ಅವರಿಗೆ ಹಬ್ಬ ಹಾಗೆ.

ಮುಂಚಿತವಾಗಿ ಮಾಡುವುದೆಲ್ಲ ತಪ್ಪೆಂದೂ ನಾವು ಹೇಳೆವು. ನಮ್ಮ ತಾಯಂದಿರು ಬೇಸಿಗೆಯ ಬಿಸಿಲಿನಲ್ಲಿ ವರ್ಷಕ್ಕಾಗುವಷ್ಟು ಹಪ್ಪಳ ಸಂಡಿಗೆ ಮಾಡಿಡುತ್ತಿದ್ದರು; ಯುಗಾದಿಗೆ ಮೊದಲೇ ಹೊಸ ಹುಣಸೆಯನ್ನು ಗಡಿಗೆಗೆ ತುಂಬುತ್ತಿದ್ದರು. ಆದರೆ ಅವರು ಕೂಡಿಟ್ಟದ್ದು ಕಾಲ ಕೊಟ್ಟದ್ದನ್ನು. ನಾವು ತಂದದ್ದು ಕಾಲ ಇನ್ನೂ ಕೊಡದಿದ್ದುದನ್ನು. ಅದು ಸಿದ್ಧತೆ, ಇದು ಆತುರ. ಬೇವಿನ ಹೂವನ್ನಾಗಲಿ ಮಾವಿನ ತಳಿರನ್ನಾಗಲಿ ಯಾವ ಅಂಗಡಿಯೂ ಎರಡು ತಿಂಗಳ ಮೊದಲು ತರಿಸಿಡಲಾರದು. ಹಬ್ಬದಲ್ಲಿ ನಿಜಕ್ಕೂ ಬೇಕಾದದ್ದು ಬಹುಪಾಲು ಅಂಥದೇ.

ಅಂದಿನಿಂದ ನಮ್ಮ ಮನೆಯಲ್ಲೊಂದು ಕಟ್ಟಳೆ ಉಂಟು: ಬಿತ್ತನೆ ಮುಗಿಯದೆ ಶ್ರಾವಣದ ಪಟ್ಟಿ ಬರೆಯುವಂತಿಲ್ಲ. ಮೊದಮೊದಲು ಮುಖ ಊದಿಸಿಕೊಂಡ ಮಕ್ಕಳು ಈಗ ತಾವೇ ಪಂಚಾಂಗದ ಹಾಳೆ ಮಗುಚಿ ಹಬ್ಬಕ್ಕೆ ಎಷ್ಟು ದಿನವೆಂದು ಎಣಿಸುತ್ತಾರೆ. ಆ ಎಣಿಕೆಯ ಸುಖವನ್ನು ನಾವು ಅವರಿಂದ ಕಸಿದಿದ್ದೆವೆಂಬುದು ಆಮೇಲೆ ತಿಳಿಯಿತು.

ಸಂಘದ ಬಂಧುಗಳಿಗೆ ಇನ್ನೊಂದು ಮಾತು. ನಮ್ಮ ಸೀಮೆಯ ಅಂಗಡಿಗಳು ಮುಂಚಿತವಾಗಿಯೂ ತರಿಸದ, ತಡವಾಗಿಯೂ ತರಿಸದ ಹಬ್ಬವೊಂದಿದೆ. ಅದು ನವೆಂಬರ್ 1. ಅರಿಶಿನ ಕುಂಕುಮದ ಬಣ್ಣದ ಬಾವುಟ ಇಲ್ಲಿ ಕೇಳಿದಲ್ಲಿ ನಮಗೆ ಸಿಕ್ಕಿಲ್ಲ. ಗಡಿಯಾಚೆ ಪಾವಗಡಕ್ಕೋ ಚಳ್ಳಕೆರೆಗೋ ಹೋದವರು ತರಬೇಕು, ಇಲ್ಲವೇ ಬಟ್ಟೆ ತಂದು ಮನೆಯಲ್ಲೇ ಹೊಲಿಯಬೇಕು. ನಮ್ಮ ಮನೆಯ ಬಾವುಟ ಹೊಲಿದದ್ದೇ. ಒಂದು ವರ್ಷವೂ ಆ ಹಬ್ಬ ನಮಗೆ ತಪ್ಪಿಲ್ಲ.